ಅಕ್ಷರಗಣನೆಯೂ ಗಣಕಯಂತ್ರದ ರೂಢಿಯೂ

ಯೋಗಕ್ಕಿಂತ ರೂಢಿ ಬಲವತ್ತರವೆಂಬುದು ಶಬ್ದಾರ್ಥ ವಿಚಾರದಲ್ಲಿ ಪ್ರಸಿದ್ಧವಾದ ನ್ಯಾಯ. ಆದರೆ ಗಣಕಯಂತ್ರಕ್ಕೆ ಪ್ರೋಗ್ರಾಮು, ಎಂದರೆ ಕ್ರಮವಿಧಿಯನ್ನು ರಚಿಸುವವರು ರೂಢಿಯನ್ನೇ ನೆಚ್ಚಿ ನಡೆದರೆ ಕನ್ನಡದ ಹೆಸರುಗಳು ಅಂಗಹೀನವಾಗುತ್ತವೆ. ಇದನ್ನು ಈ ಸೀಮೆಯ ಊರುಗಳ ಹೆಸರಿನಿಂದಲೇ ಪರೀಕ್ಷಿಸಬಹುದು.

1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಸಂಕೇತ. ಅಲ್ಲಿ ಸಂಕೇತಗಳನ್ನು ಎಣಿಸಿದರೆ ಅಕ್ಷರಗಳನ್ನೇ ಎಣಿಸಿದಂತಾಯಿತು. ಈ ಅನುಕೂಲವೇ ಮುಂದೆ ರೂಢಿಯಾಗಿ ಬೇರೂರಿತು.

1991ರಲ್ಲಿ ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಅಲ್ಲಿಯಾದರೋ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಹಲಂತಚಿಹ್ನೆ ಇವುಗಳಿಗೆಲ್ಲ ಪ್ರತ್ಯೇಕ ಸಂಕೇತಗಳುಂಟು. ‘ಹಿರೇಗುಂಟನೂರು’ ಎಂಬಲ್ಲಿ ಬಾಲಕನು ಎಣಿಸುವುದು ಹಿ, ರೇ, ಗುಂ, ಟ, ನೂ, ರು ಎಂದು 6 ಅಕ್ಷರ; ಯಂತ್ರವು ಎಣಿಸುವುದು 12 ಸಂಕೇತ. ‘ಚಿತ್ರದುರ್ಗ’ದಲ್ಲಿ ಅಕ್ಷರ 4, ಸಂಕೇತ 10. ಹೆಸರಿಗೆ 10 ಸ್ಥಾನ ಸಾಕೆಂದು ವಿಧಿಸಿದ ದಾಖಲೆಯಲ್ಲಿ ಮೊದಲನೆಯದು ‘ಹಿರೇಗುಂಟನೂ’ ಎಂದು ತುಂಡಾಗುತ್ತದೆ. ಮಿತಿ 9 ಆದರೆ ಎರಡನೆಯದು ‘ಚಿತ್ರದುರ್’ ಎಂದು ಅರ್ಧಾಕ್ಷರದಲ್ಲಿ ನಿಲ್ಲುತ್ತದೆ. ಇದು ಯಂತ್ರದ ದೋಷವಲ್ಲ, ಎಣಿಸಲು ಕಲಿಸಿದವರ ದೋಷ.

ಹೋಲಿಕೆಯಲ್ಲಿಯೂ ಇಂಥ ತೊಡಕುಂಟು. ‘ರೇ’ ಎಂಬುದರ ಏತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ದೀರ್ಘಚಿಹ್ನೆಗಳ ಎರಡು ಸಂಕೇತಗಳಾಗಿಯೂ ಇರಿಸಬಹುದು. ಕಣ್ಣಿಗೆ ಎರಡೂ ಒಂದೇ. ಸಂಕೇತಕ್ಕೆ ಸಂಕೇತವನ್ನು ಒಡ್ಡಿ ನೋಡುವ ಕ್ರಮವಿಧಿಗೆ ಮಾತ್ರ ಬೇರೆ ಬೇರೆ. ಆಗ ದಾಖಲೆಯಲ್ಲಿರುವ ವಿದ್ಯಾರ್ಥಿಯ ಊರನ್ನು ಹುಡುಕಿದರೂ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ.

ಛಂದಸ್ಸನ್ನು ಬಲ್ಲವರಿಗೆ ಈ ವಿವೇಕ ಹೊಸದಲ್ಲ. ‘ಚಿತ್ರ’ ಎಂಬಲ್ಲಿ ಅಕ್ಷರ ಎರಡು, ಮಾತ್ರೆ ಮೂರು. ಒತ್ತಕ್ಷರದ ಹಿಂದಿನ ‘ಚಿ’ ಗುರುವಾಗುವುದರಿಂದ ಈ ಭೇದ. ಎಣಿಸುವುದು ಅಕ್ಷರವನ್ನೋ ಮಾತ್ರೆಯನ್ನೋ ಎಂಬುದನ್ನು ಮೊದಲು ನಿಶ್ಚಯಿಸಿ, ಅನಂತರ ಎಣಿಸುವುದು ಲಾಕ್ಷಣಿಕರ ಕ್ರಮ. ಕ್ರಮವಿಧಿಯ ರಚನೆಗೂ ಇದೇ ಪಥ್ಯ. ಹೆಸರನ್ನು ಮೊಟಕುಮಾಡಬೇಕಾದಲ್ಲಿ ಅಕ್ಷರದ ಗಡಿಯಲ್ಲಿಯೇ ಮಾಡಬೇಕು. ಹೋಲಿಸುವ ಮುನ್ನ ಎರಡು ಬಗೆಯ ಬರಹವನ್ನೂ ಏಕರೂಪಕ್ಕೆ ತರಬೇಕು. ಒತ್ತಕ್ಷರ, ಅನುಸ್ವಾರ, ದೀರ್ಘಗಳಿರುವ ಹೆಸರುಗಳನ್ನಿಟ್ಟು ಪರೀಕ್ಷಿಸಿದ ಬಳಿಕವೇ ಬಳಕೆಗೆ ಬಿಡಬೇಕು.

ಪ್ರವೇಶಪತ್ರದಲ್ಲಿ, ಅಂಕಪಟ್ಟಿಯಲ್ಲಿ ಹೆಸರು ಕೆಟ್ಟರೆ ಅದನ್ನು ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆಯುವವನು ಬಡವರ ಮನೆಯ ಹುಡುಗ. ‘ಎಲ್ಲರೂ ಹೀಗೆಯೇ ಬರೆಯುತ್ತಾರೆ’ ಎಂಬ ಸಮಾಧಾನ ಅವನ ಅಲೆದಾಟವನ್ನು ತಪ್ಪಿಸಲಾರದು. ರೂಢಿಯನ್ನು ಒರೆಗೆ ಹಚ್ಚಿ ಸ್ವೀಕರಿಸಿದ ಶರಣರ ನಾಡಿನಲ್ಲಿ ವಿದ್ಯೆ ಕಲಿತ ಮಕ್ಕಳು ನಾಳೆ ಗಣಕಯಂತ್ರದ ಮುಂದೆ ಕುಳಿತಾಗಲೂ ‘ಇದು ಹೀಗೇಕೆ?’ ಎಂದು ಕೇಳುವಂತಾದರೆ ಗುರುಕೃಪೆ ಸಾರ್ಥಕ.