ಸೆರೆಬ್ರಲ್ ಪಾಲ್ಸಿ ಮಕ್ಕಳ ನಡಿಗೆಗೆ ಪಾದದ ಆಸರೆ

ಎಂಟು ವರ್ಷದ ಮಗನನ್ನು ಕರೆದುಕೊಂಡು ಬಂದ ತಾಯಿ ಕೇಳಿದ್ದು ಮಾಲೀಶಿನ ಎಣ್ಣೆ. ಮಗನ ಪಾದ ಒಳಕ್ಕೆ ವಾಲುತ್ತದೆ, ಬೂಟಿನ ಒಳಬದಿ ಬೇಗ ಸವೆಯುತ್ತದೆ ಎಂದರು. ಅಂಗಡಿಯಲ್ಲಿ ಸಿಗುವ, ನಡುವೆ ಉಬ್ಬಿರುವ ಇನ್‌ಸೋಲನ್ನೂ ಹಾಕಿಸಿದ್ದರು. ಬೂಟು ಬಿಚ್ಚಿಸಿದೆ. ಪಾದದ ಒಳಬದಿ ಕೆಂಪಾಗಿ ಊದಿತ್ತು. ಹುಡುಗನಿಗೆ ಮಾತು ಸರಿಯಾಗಿ ಬಾರದು. ಬೂಟು ಕಂಡರೆ ಅಳುತ್ತಿದ್ದುದನ್ನು ಮನೆಯವರು ಹಟವೆಂದು ತಿಳಿದಿದ್ದರು.

ಗರ್ಭದಲ್ಲಿ, ಹೆರಿಗೆಯ ವೇಳೆ ಅಥವಾ ಎಳವೆಯಲ್ಲಿ ಮೆದುಳಿಗಾದ ಹಾನಿಯಿಂದ ಸೆರೆಬ್ರಲ್ ಪಾಲ್ಸಿ ಬರುತ್ತದೆ. ಆ ಹಾನಿ ಹೆಚ್ಚುವುದಿಲ್ಲ. ಆದರೆ ಎಲುಬು ಬೆಳೆದಷ್ಟು ಬಿಗಿಯಾದ ಸ್ನಾಯು ಉದ್ದವಾಗುವುದಿಲ್ಲ. ಮೀನಖಂಡ ಬಿಗಿದು ಹಿಮ್ಮಡಿಯನ್ನು ಮೇಲಕ್ಕೆಳೆಯುತ್ತದೆ, ಮೈಭಾರಕ್ಕೆ ಪಾದದ ನಡುಭಾಗ ಕುಸಿಯುತ್ತದೆ. ಇಂಥ ಪಾದದಡಿ ಉಬ್ಬಿದ ಇನ್‌ಸೋಲ್ ಇಟ್ಟರೆ ಮೇಲಿನಿಂದ ಭಾರ, ಕೆಳಗಿನಿಂದ ಒತ್ತಡ. ಈ ಹುಡುಗನಿಗೆ ಆದದ್ದು ಅದೇ.

ಆದ್ದರಿಂದ ಮೊದಲು ನೋಡಬೇಕಾದದ್ದು ಹಿಮ್ಮಡಿಯನ್ನು. ವುಝೂ ಮಾಡಿದ ಮಗು ಸಿಮೆಂಟ್ ನೆಲದ ಮೇಲೆ ನಡೆದಾಗ ಒದ್ದೆ ಹೆಜ್ಜೆ ಗಮನಿಸಿ. ಹಿಮ್ಮಡಿಯ ಗುರುತೇ ಇಲ್ಲದಿದ್ದರೆ ಇನ್‌ಸೋಲ್ ಕೊಳ್ಳಬೇಡಿ, ಫಿಸಿಯೋಥೆರಪಿಸ್ಟರ ಬಳಿ ಹೋಗಿ. ಸ್ನಾಯು ಹಿಗ್ಗಿಸುವ ವ್ಯಾಯಾಮ, ಕಣಕಾಲನ್ನೂ ಹಿಡಿದಿಡುವ ಪಟ್ಟಿ ಬೇಕಾಗಬಹುದು. ಹಿಮ್ಮಡಿ ಊರುತ್ತಿದ್ದು ಹೆಜ್ಜೆ ಪೂರ್ತಿ ಚಪ್ಪಟೆಯಾಗಿ ಮೂಡಿದರೆ, ಮಗುವನ್ನು ಕುರ್ಚಿಯಲ್ಲಿ ಕೂರಿಸಿ ಕಾಲು ಇಳಿಬಿಡಿಸಿ. ಆಗ ಪಾದದಡಿಯಲ್ಲಿ ಕಮಾನು ಕಾಣಿಸಿದರೆ ಪಾದ ಮೃದುವಾಗಿದೆ ಎಂದರ್ಥ. ಇನ್‌ಸೋಲಿನಿಂದ ಉಪಕಾರವಾಗುವುದು ಹೆಚ್ಚಾಗಿ ಇಂಥವರಿಗೆ. (ಐದಾರು ವರ್ಷದವರೆಗೆ ಆರೋಗ್ಯವಂತ ಮಕ್ಕಳ ಪಾದವೂ ಚಪ್ಪಟೆಯಾಗಿರುತ್ತದೆ, ಅದಕ್ಕೆ ಗಾಬರಿ ಬೇಡ.)

ಇನ್‌ಸೋಲನ್ನು ಆರ್ಥೋಟಿಸ್ಟರಿಂದ ಅಳತೆ ಕೊಟ್ಟೇ ಮಾಡಿಸಿ. ಬೂಟಿನ ಹಿಂಭಾಗ ಗಟ್ಟಿಯಾಗಿರಲಿ, ಒಳಗಿನ ಹಳೆಯ ಪದರವನ್ನು ತೆಗೆದುಬಿಡಿ. ಮೊದಲ ದಿನ ಒಂದು ಗಂಟೆ ಸಾಕು, ದಿನದಿನಕ್ಕೆ ಹೆಚ್ಚಿಸಿ. ಬಿಚ್ಚಿ ಅರ್ಧ ಗಂಟೆಯಾದರೂ ಕೆಂಪು ಮಾಯವಾಗದಿದ್ದರೆ ಮತ್ತೆ ತೊಡಿಸದೆ ಮಾಡಿದವರಿಗೇ ತೋರಿಸಿ. ವುಝೂವಿನ ಬಳಿಕ ಬೆರಳ ಸಂದುಗಳನ್ನು ಒರೆಸಿಯೇ ಕಾಲುಚೀಲ ಹಾಕಿ. ಮಕ್ಕಳ ಪಾದ ಬೇಗ ಬೆಳೆಯುತ್ತದೆ, ಆರು ತಿಂಗಳಿಗೊಮ್ಮೆ ಅಳತೆ ನೋಡಿಸಿ.

ನಮ್ಮ ಯುನಾನಿಯಲ್ಲಿ ದಲ್ಕ್, ಅಂದರೆ ಮಾಲೀಶಿಗೆ ದೊಡ್ಡ ಸ್ಥಾನವಿದೆ. ಬಿಗಿದ ಕಾಲಿಗೆ ಬೆಚ್ಚನೆಯ ಎಣ್ಣೆ ಹಿತ ಕೊಡುತ್ತದೆ, ನಾನೂ ಬರೆದುಕೊಡುತ್ತೇನೆ. ಆದರೆ ಮೆದುಳಿನ ಹಾನಿಯನ್ನು ಎಣ್ಣೆಯಿಂದ ವಾಸಿಮಾಡುತ್ತೇನೆ ಎನ್ನುವವರ ಮಾತಿಗೆ ವರ್ಷಗಳನ್ನು ಕಳೆಯಬೇಡಿ. ಇನ್‌ಸೋಲೂ ಕಾಯಿಲೆ ವಾಸಿಮಾಡುವುದಿಲ್ಲ, ಬೂಟಿನೊಳಗೆ ಇರುವಷ್ಟು ಹೊತ್ತು ಆಸರೆ ಕೊಡುತ್ತದೆ, ಅಷ್ಟೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿಯೂ ಸೇರಿದೆ. ಗುರುತಿನ ಚೀಟಿ ಮಾಡಿಸಿಟ್ಟುಕೊಳ್ಳಿ, ಸಾಧನಗಳಿಗೆ ಸಿಗುವ ನೆರವನ್ನು ಜಿಲ್ಲಾ ಪುನರ್ವಸತಿ ಕೇಂದ್ರದಲ್ಲಿ ವಿಚಾರಿಸಿ.

ಇನ್ನು, ಮಸೀದಿಯ ಬಾಗಿಲಲ್ಲಿ ಬೂಟು ಬಿಚ್ಚಿದೊಡನೆ ಆ ಆಸರೆಯೂ ಹೋಗುತ್ತದೆ. ಅಲ್ಲಿಂದ ಸಫ್‌ನವರೆಗೆ ಮಗುವಿನ ಕೈ ಹಿಡಿದುಕೊಳ್ಳಿ. ಮದ್ರಸದ ಉಸ್ತಾದರಿಗೂ ಇದನ್ನು ತಿಳಿಸಿರಿ.