ಮೂವರಿಗೂ ಒಟ್ಟಿಗೇ ಜ್ವರ ಬಂದರೆ

ಮಕ್ಕಳ ಕಾಯಿಲೆ ಸರದಿ ಪ್ರಕಾರ ಬರುವುದಿಲ್ಲ. ಒಬ್ಬರ ತಟ್ಟೆಯಲ್ಲಿ ಇನ್ನೊಬ್ಬರು ಉಣ್ಣುತ್ತಾರೆ, ಒಂದೇ ಚಾಪೆಯ ಮೇಲೆ ಹೊರಳಾಡುತ್ತಾರೆ, ಒಂದೇ ಸೊಳ್ಳೆಯಿಂದ ಕಚ್ಚಿಸಿಕೊಳ್ಳುತ್ತಾರೆ. ಮನೆಯ ಹಣಕಾಸನ್ನು ಮಾತ್ರ ನಾವು ಹೊಂದಿಸಿಕೊಂಡಿರುವುದು ಒಂದು ಸಲಕ್ಕೆ ಒಬ್ಬರೇ ಮಲಗುತ್ತಾರೆ ಎಂಬ ನಂಬಿಕೆಯ ಮೇಲೆ. ವಿಮೆಯ ಮೊತ್ತ, ಕೈಯಲ್ಲಿಟ್ಟುಕೊಳ್ಳುವ ದುಡ್ಡು, ರಜೆ ಎಲ್ಲವೂ ಅದೇ ಲೆಕ್ಕ. 2024ರ ಮಳೆಗಾಲದಲ್ಲಿ ಮೈಸೂರಿನ ನಮ್ಮ ಮನೆಯ ಮೂವರು ಮಕ್ಕಳಿಗೂ ಡೆಂಗಿ ಬಂದ ಮೇಲೆ ಆ ಲೆಕ್ಕವನ್ನು ನಾನು ಬಿಟ್ಟಿದ್ದೇನೆ.

ಆ ವರ್ಷ ರಾಜ್ಯದಲ್ಲಿ ಡೆಂಗಿ ಎಷ್ಟು ಹಬ್ಬಿತ್ತೆಂದರೆ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುವಂಥದ್ದು. ಹೊಟ್ಟೆ ತುಂಬುವ ತನಕ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಮೇಲೆ ಕೂರುತ್ತದೆ. ಕಚ್ಚಿದ ನಾಲ್ಕರಿಂದ ಹತ್ತು ದಿನಗಳೊಳಗೆ ಜ್ವರ ಕಾಣಿಸುತ್ತದೆ. ಹಾಗಾಗಿ ಒಂದೇ ಮನೆಯ ಮಕ್ಕಳು ಒಬ್ಬರ ಬೆನ್ನಿಗೊಬ್ಬರು ಮಲಗುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮಲ್ಲಿ ಮೊದಲು ಮಲಗಿದ್ದು ಮಗಳು. ಅವಳಿಗೆ ಗಂಜಿ ಕುಡಿಸುತ್ತಿದ್ದಾಗಲೇ ದೊಡ್ಡ ಹುಡುಗನ ಮೈ ಸುಡುತ್ತಿತ್ತು, ಚಿಕ್ಕವನು ಕಣ್ಣಿನ ಹಿಂದೆ ನೋವು ಎಂದು ಅಳುತ್ತಿದ್ದ.

ಆ ಜುಲೈನಲ್ಲಿ ಸರ್ಕಾರ ಖಾಸಗಿ ಲ್ಯಾಬುಗಳ ಡೆಂಗಿ ಪರೀಕ್ಷೆಗೆ ದರ ನಿಗದಿ ಮಾಡಿತ್ತು: ಎನ್‌ಎಸ್‌1 ಎಲಿಸಾಗೆ 300 ರೂಪಾಯಿ, ಐಜಿಎಂ ಎಲಿಸಾಗೆ 300, ರ‍್ಯಾಪಿಡ್ ಕಾರ್ಡ್ ಪರೀಕ್ಷೆಗೆ 250. ಒಳ್ಳೆಯ ಕೆಲಸ. ಆದರೆ ಡೆಂಗಿ ಹೌದೋ ಅಲ್ಲವೋ ಎಂದು ತಿಳಿಯುವ ಖರ್ಚು ಒಂದೇ ಸಲದ್ದು. ಆಮೇಲಿನ ದಿನಗಳಲ್ಲಿ ಪ್ಲೇಟ್‌ಲೆಟ್ ನೋಡಲು ಮತ್ತೆ ಮತ್ತೆ ಮಾಡಿಸುವ ರಕ್ತಪರೀಕ್ಷೆ, ವೈದ್ಯರ ಫೀಸು, ಆಟೋ ಬಾಡಿಗೆ, ಓಆರ್‌ಎಸ್, ಎಳನೀರು ಎಲ್ಲವನ್ನೂ ಮೂರರಿಂದ ಗುಣಿಸಬೇಕು. ಮನೆಯಲ್ಲೇ ಇದ್ದು ವಾಸಿಯಾದ ಮಗಳ ಖರ್ಚಿಗೆ ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ಸಾಮಾನ್ಯ ಪಾಲಿಸಿ ಕೊಡುವುದು ಒಳರೋಗಿಯಾಗಿ ಸೇರಿದವರಿಗೆ ಮಾತ್ರ.

ಹುಡುಗರಿಬ್ಬರನ್ನೂ ಆಸ್ಪತ್ರೆಗೆ ಸೇರಿಸಬೇಕಾಯಿತು. ದೊಡ್ಡವನಿಗೆ ಜ್ವರ ಇಳಿದಿತ್ತು, ಹೊಟ್ಟೆನೋವು ಶುರುವಾಗಿತ್ತು. ಇದನ್ನು ಎಲ್ಲ ತಾಯಂದಿರಿಗೂ ಒತ್ತಿ ಹೇಳುತ್ತೇನೆ: ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನಗಳೇ ಅಪಾಯದವು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಕವಿಯುವುದು ಕಂಡರೆ ಕಾಯಬಾರದು. ಹಾಸಿಗೆ ಬಾಡಿಗೆ ಉಳಿಯಲಿ ಎಂದು ಜ್ವರ ಬಿಟ್ಟ ತಕ್ಷಣ ಮಗುವನ್ನು ಮನೆಗೆ ಕರೆದುಕೊಂಡು ಹೋಗುವವರನ್ನು ಕಂಡಿದ್ದೇನೆ. ದುಡ್ಡಿಲ್ಲ ಎನ್ನುವುದು ಅದಕ್ಕೆ ಕಾರಣವಾಗಬಾರದು. ‘ಕೈಯಲ್ಲಿ ಆಗದಿದ್ರೆ ಚೆಲುವಾಂಬ ಆಸ್ಪತ್ರೆ ಇದೆ ಕಣಮ್ಮ, ಯೋಚನೆ ಮಾಡ್ಬೇಡ’ ಎಂದು ನಮ್ಮತ್ತೆ ಮೊದಲ ದಿನವೇ ಹೇಳಿದ್ದರು. ಅವರ ಮಕ್ಕಳೆಲ್ಲ ಹುಟ್ಟಿದ್ದು ಆ ಸರ್ಕಾರಿ ಆಸ್ಪತ್ರೆಯಲ್ಲೇ. ಆ ಒಂದು ಮಾತು ನನಗೆ ಕೊಟ್ಟ ಧೈರ್ಯ ದೊಡ್ಡದು.

ನಮ್ಮದು ಐವರಿಗೂ ಸೇರಿದ ಮೂರು ಲಕ್ಷದ ಫ್ಯಾಮಿಲಿ ಫ್ಲೋಟರ್. ಅಂದರೆ ಮೂರು ಲಕ್ಷ ತಲೆಗೆ ಇಷ್ಟೆಂದಲ್ಲ, ಇಡೀ ಮನೆಗೆ, ಇಡೀ ವರ್ಷಕ್ಕೆ. ಮುಗಿದರೆ ಮತ್ತೆ ತುಂಬಿಕೊಡುವ ಸೌಲಭ್ಯ ಇದೆಯೆಂದು ಏಜೆಂಟರು ಹೇಳುತ್ತಾರೆ. ಆ ಷರತ್ತನ್ನು ಅಕ್ಷರಕ್ಷರ ಓದಿ. ಕೆಲವು ಪಾಲಿಸಿಗಳಲ್ಲಿ ಮೊತ್ತ ಪೂರ್ತಿ ಖಾಲಿಯಾದ ಮೇಲೆ ಮಾತ್ರ ತುಂಬುತ್ತದೆ, ಕೆಲವು ಅದೇ ಕಾಯಿಲೆಗೆ ಕೊಡುವುದಿಲ್ಲ. ಮೂವರಿಗೂ ಒಂದೇ ಡೆಂಗಿಯಾದರೆ ಕೊಡುತ್ತೀರಾ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ.

ಕೋಣೆ ಬಾಡಿಗೆಯ ಮಿತಿಯೂ ಇತ್ತು, ದಿನಕ್ಕೆ ವಿಮಾ ಮೊತ್ತದ ಶೇ 1, ಅಂದರೆ 3000 ರೂಪಾಯಿ. 4500ರ ಕೋಣೆ ಹಿಡಿದರೆ ಕತ್ತರಿ ಬೀಳುವುದು ಹೆಚ್ಚಿನ 1500ಕ್ಕೆ ಮಾತ್ರ ಅಲ್ಲ, ವೈದ್ಯರ ಮತ್ತು ನರ್ಸಿಂಗ್ ಶುಲ್ಕದ ಮೂರರಲ್ಲೊಂದು ಪಾಲು ಕೂಡ ನಮ್ಮ ಮೇಲೆ ಬೀಳುತ್ತದೆ. ಅದಕ್ಕೇ ಅಣ್ಣತಮ್ಮ ಇಬ್ಬರಿಗೂ ಒಂದೇ ಕೋಣೆಯ ಎರಡು ಹಾಸಿಗೆ ಕೊಡಿ ಎಂದು ಪಟ್ಟು ಹಿಡಿದೆ. ಬಾಡಿಗೆ ಮಿತಿಯೊಳಗೆ ಬಂತು, ರಾತ್ರಿ ಇಬ್ಬರನ್ನೂ ನಾನೊಬ್ಬಳೇ ನೋಡಿಕೊಳ್ಳುವಂತಾಯಿತು, ಗಂಡ ಮಗಳ ಹತ್ತಿರ ಮನೆಯಲ್ಲಿದ್ದರು.

ಒಬ್ಬನ ಕಾಗದ ಇನ್ನೊಬ್ಬನ ಫೈಲಿಗೆ ಸೇರದಂತೆ ನೋಡಿಕೊಳ್ಳುವುದೇ ಒಂದು ಕೆಲಸ. ಇಬ್ಬರು ಮಕ್ಕಳೆಂದರೆ ಎರಡು ಕ್ಲೇಮು, ಎರಡು ಪೂರ್ವಾನುಮತಿ. ಔಷಧಿ ಅಂಗಡಿಯಲ್ಲಿ ಅವಸರದಲ್ಲಿ ಇಬ್ಬರ ಔಷಧಿಯನ್ನೂ ಒಂದೇ ಹೆಸರಿಗೆ ಬಿಲ್ ಮಾಡುತ್ತಾರೆ. ವಿಮಾ ಕಂಪನಿ ಆ ಬಿಲ್ಲನ್ನು ಪಕ್ಕಕ್ಕಿಡುತ್ತದೆ. ಪ್ರತಿ ಸಲವೂ ಹೆಸರು ಹೇಳಿ ಬೇರೆ ಬಿಲ್ ಹಾಕಿಸಿದೆ, ಎರಡು ಬಣ್ಣದ ಫೈಲು ಇಟ್ಟುಕೊಂಡೆ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ದಿನದ ಅಂತಿಮ ಅನುಮತಿಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇನಲ್ಲಿ ಸುತ್ತೋಲೆ ಹೊರಡಿಸಿದೆ. ವಿಮೆ ಕೌಂಟರಿನ ಮುಂದೆ ನಿಂತಾಗ ಈ ಎರಡು ಸಂಖ್ಯೆ ಬಾಯಲ್ಲಿರಲಿ.

ಇಷ್ಟಾದರೂ ನಮ್ಮನ್ನು ಹಿಂಡಿದ್ದು ಆಸ್ಪತ್ರೆಯ ಬಿಲ್ ಅಲ್ಲ, ನಿಂತುಹೋದ ಸಂಪಾದನೆ. ನಾನು ಖಾಸಗಿ ಶಾಲೆಯ ಶಿಕ್ಷಕಿ, ಗಂಡನದು ಎಲೆಕ್ಟ್ರಿಕಲ್ ಸಾಮಾನಿನ ಪುಟ್ಟ ಅಂಗಡಿ. ಒಂದು ಮಗುವಿಗೆ ಹುಷಾರಿಲ್ಲದಿದ್ದರೆ ಒಬ್ಬರು ರಜೆ ಹಾಕಿ ಇನ್ನೊಬ್ಬರು ದುಡಿಯಬಹುದು. ಮೂವರೂ ಮಲಗಿದಾಗ ಅಂಗಡಿಯ ಶಟರ್ ಕೆಳಗೆ, ನನ್ನ ಸಂಬಳ ಕಟ್. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನ ಶಿಶುಪಾಲನಾ ರಜೆಯಿದೆ, 2021ರಿಂದ ರಾಜ್ಯ ಸರ್ಕಾರದವರಿಗೆ ಆರು ತಿಂಗಳು. ಇದು ನ್ಯಾಯವಾದ ಸೌಲಭ್ಯ. ಅದೇ ಮಕ್ಕಳಿಗೆ ಪಾಠ ಹೇಳುವ ಖಾಸಗಿ ಶಾಲೆಯವರಿಗೆ, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ತಾಯಂದಿರಿಗೆ ಯಾಕಿಲ್ಲ ಎಂಬ ಪ್ರಶ್ನೆ ನನ್ನನ್ನು ಕಾಡುತ್ತಲೇ ಇದೆ.

ಈಗ ನಮ್ಮ ಮನೆಯಲ್ಲಿ ಆಪತ್ತಿನ ದುಡ್ಡಿಗೆ ಎರಡು ಖಾತೆ. ಒಂದು ಆಸ್ಪತ್ರೆ ಕೇಳುವ ಮುಂಗಡಕ್ಕೆ. ಇನ್ನೊಂದು, ಇಬ್ಬರ ಆದಾಯವೂ ಒಂದು ತಿಂಗಳು ನಿಂತರೆ ಬಾಡಿಗೆ, ದಿನಸಿ, ಶಾಲೆಯ ಫೀಸಿಗೆ. ಎರಡನೆಯದನ್ನು ತುಂಬಲು ವರ್ಷ ಹಿಡಿಯಿತು. ಹಬ್ಬದ ಬಟ್ಟೆಗೂ ಅದರಿಂದ ತೆಗೆಯುವಂತಿಲ್ಲ.

ವಿಮೆಗೆ ಸೂಪರ್ ಟಾಪ್‌ಅಪ್ ಸೇರಿಸಿದ್ದೇವೆ. ಬರೀ ಟಾಪ್‌ಅಪ್ ಮಕ್ಕಳಿರುವ ಮನೆಗೆ ಸಾಲದು. ಮೂರು ಲಕ್ಷ ದಾಟಿದ ಮೇಲೆ ಕೊಡುವ ಟಾಪ್‌ಅಪ್ ಇದೆ ಎಂದುಕೊಳ್ಳಿ, ಮೂವರು ಮಕ್ಕಳ ಬಿಲ್ ತಲಾ ಒಂದೂವರೆ ಲಕ್ಷವಾಗಲಿ. ಇಬ್ಬರದಕ್ಕೆ ಮೂಲ ಪಾಲಿಸಿ ಮುಗಿಯುತ್ತದೆ. ಮೂರನೆಯ ಮಗುವಿನ ಬಿಲ್ ತಾನೊಂದೇ ಮೂರು ಲಕ್ಷ ದಾಟದ ಕಾರಣ ಟಾಪ್‌ಅಪ್ ಕೈ ಎತ್ತುತ್ತದೆ. ಸೂಪರ್ ಟಾಪ್‌ಅಪ್ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ ನೋಡುವುದರಿಂದ ಆ ಒಂದೂವರೆ ಲಕ್ಷ ಅಲ್ಲಿಂದ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18 ಜಿಎಸ್‌ಟಿ ತೆಗೆದಿದ್ದಾರೆ. ಹಾಗೆ ಉಳಿದದ್ದನ್ನು ಇದಕ್ಕೇ ಹಾಕಿದೆವು.

ಹೊಸ ಪಾಲಿಸಿಗೆ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಸಾಮಾನ್ಯವಾಗಿ ಮೊದಲ 30 ದಿನ ಕಾಯುವ ಅವಧಿ ಇರುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ತೆಗೆದುಕೊಳ್ಳುವವರು ಏಪ್ರಿಲ್ ಒಳಗೆ ತೆಗೆದುಕೊಳ್ಳಿ.