ಅಬ್ಬಾ, ಅಪ್ಪ, ಅಬ್ಬೆ

ಮಾರ್ಕ 14:36, ರೋಮಾಪುರ 8:15, ಗಲಾತ್ಯ 4:6 ಎಂಬ ಈ ಮೂರು ಸ್ಥಳಗಳಲ್ಲಿ ಗ್ರೀಕ್ ಮೂಲವು ‘ಅಬ್ಬಾ’ ಎಂಬ ಅರಾಮಾಯ ಮಾತನ್ನು ಹಾಗೆಯೇ ಉಳಿಸಿಕೊಂಡಿದೆ. ಅದರ ಅರ್ಥವು ತಂದೆ. ಇದು ನಮ್ಮ ‘ಅಪ್ಪ’ ಎಂಬ ಮಾತಿಗೆ ಎಷ್ಟೋ ಸಮೀಪವಾಗಿರುವದರಿಂದ, ಕನ್ನಡವೂ ಕರ್ತನು ಆಡಿದ ಭಾಷೆಯೂ ಒಂದೇ ಮೂಲದವುಗಳೆಂದು ಹೇಳುವವರುಂಟು. ಅದು ನಿಜವೋ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಎರಡು ಭಾಷೆಗಳ ಸಂಬಂಧವು ಒಂದು ಮಾತಿನಿಂದ ಸ್ಥಾಪಿತವಾಗುವದಿಲ್ಲ; ಅನೇಕ ಮಾತುಗಳು ಒಂದೇ ಕ್ರಮದಲ್ಲಿ ಹೊಂದಬೇಕು. ನರಸಿಂಹರಾಜಪುರದ ಕಡೆಯಲ್ಲಿ ನೆಲೆಸಿರುವ ಮಲೆಯಾಳಿಗಳ ಮಾತನ್ನು ಕೇಳಿರಿ. ನಮ್ಮ ಹಾಲು ಅವರಿಗೆ ‘ಪಾಲ್’, ಹಲ್ಲು ‘ಪಲ್ಲ್’, ಹುಲಿ ‘ಪುಲಿ’. ಅವರ ಪಕಾರವಿರುವಲ್ಲಿ ನಮ್ಮ ಹಕಾರವು ಕ್ರಮವಾಗಿ ಬರುತ್ತದೆ. ಹಳಗನ್ನಡದಲ್ಲಿ ನಮಗೂ ಪಕಾರವೇ ಇತ್ತು. ಇದು ಒಡಹುಟ್ಟಿದ ಭಾಷೆಗಳ ಗುರುತು. ಹಾಗೆಯೇ ಅರಾಮಾಯದ ‘ಶ್ಲಾಮಾ’, ಇಬ್ರಿಯದ ‘ಶಾಲೋಮ್’, ಅರಬಿಯ ‘ಸಲಾಮ್’ ಒಂದೇ ಮನೆತನದವು. ಆದರೆ ಕನ್ನಡಕ್ಕೂ ಅರಾಮಾಯಕ್ಕೂ ಇಂಥ ಕ್ರಮವು ಕಾಣುವದಿಲ್ಲ.

ಇನ್ನೊಂದು ಸಂಗತಿಯನ್ನು ನೋಡಿರಿ. ಆಗುಂಬೆ ಘಾಟಿಯ ಕೆಳಗಿನಿಂದ ಕೊಪ್ಪ, ಶೃಂಗೇರಿಯ ತೋಟಗಳಿಗೆ ಬಂದ ತುಳುವರಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ! ಹಳಗನ್ನಡದಲ್ಲಿ ‘ಅಬ್ಬೆ’ ಎಂದರೆ ತಾಯಿ. ಅನೇಕ ಹವ್ಯಕರ ಮನೆಗಳಲ್ಲಿ ಇಂದಿಗೂ ಹಾಗೆಯೇ. ದಾನಕ್ಕೆ ಹೆಸರಾದ ಅತ್ತಿಮಬ್ಬೆಯ ಹೆಸರಿನ ಕೊನೆಯಲ್ಲಿರುವದೂ ಇದೇ ಮಾತು. ದೂರದ ಜಾರ್ಜಿಯಾ ದೇಶದಲ್ಲಿ ‘ಮಾಮಾ’ ಎಂದರೆ ತಂದೆ. ಕೊರಿಯದಲ್ಲಿ ಮಕ್ಕಳು ತಂದೆಯನ್ನು ‘ಅಪ್ಪಾ’ ಎಂದೇ ಕರೆಯುತ್ತಾರೆ.

ಇದಕ್ಕೆ ಕಾರಣವೇನು? ಕೂಸಿನ ಬಾಯಿಗೆ ಮೊದಲು ಒದಗುವವು ತುಟಿ ಮುಚ್ಚಿ ತೆರೆಯುವ ಪ, ಬ, ಮ ಎಂಬ ಧ್ವನಿಗಳು. ಕೂಸು ಅರ್ಥವಿಲ್ಲದೆ ತೊದಲುತ್ತದೆ. ಹೆತ್ತವರು ಅದನ್ನು ತಮ್ಮ ಹೆಸರೆಂದು ತಿಳಿದು ಸಂತೋಷಪಡುತ್ತಾರೆ. 1959ರಲ್ಲಿ ಮರ್ಡಾಕ್ ಎಂಬ ಅಮೇರಿಕದ ಪಂಡಿತರು ಲೋಕದ ನಾನಾ ಜನಾಂಗಗಳಿಂದ ತಂದೆತಾಯಿಗಳ 1072 ಹೆಸರುಗಳನ್ನು ಕೂಡಿಸಿದರು. ತಾಯಿಯ ಹೆಸರುಗಳಲ್ಲಿ ನೂರಕ್ಕೆ 55ರಲ್ಲಿ ಮಕಾರ ನಕಾರಾದಿ ಮೂಗಿನ ಧ್ವನಿಗಳಿದ್ದವು. ತಂದೆಯ ಹೆಸರುಗಳಲ್ಲಿ ನೂರಕ್ಕೆ 15ರಲ್ಲಿ ಮಾತ್ರ. ಮೊಲೆಯುಣ್ಣುವಾಗ ಬಾಯಿ ತುಂಬಿರುವದರಿಂದ ಕೂಸು ಮೂಗಿನಿಂದಲೇ ಗುನುಗುತ್ತದೆ. ಆ ಸ್ವರವೇ ತಾಯಿಯ ಹೆಸರಿಗೆ ಮೂಲವಾಯಿತೆಂದು ಯಾಕೊಬ್ಸನ್ ಎಂಬ ಭಾಷಾಪಂಡಿತರು ವಿವರಿಸಿದರು.

ಆದದರಿಂದ ಪ್ರಿಯರೇ, ಸಂತೆಯಲ್ಲಾಗಲಿ ಸಭೆಯಲ್ಲಾಗಲಿ ನಮ್ಮ ಭಾಷೆಯೇ ಕರ್ತನ ಭಾಷೆಯೆಂದು ಹೇಳದಿರೋಣ. ಸಡಿಲವಾದ ಸಾಕ್ಷಿಯನ್ನು ನೆರೆಯವನು ಮುರಿದರೆ, ನಾವು ಹೇಳುವ ನಿಜವನ್ನೂ ಅವನು ನಂಬಲಾರನು. ‘ಅಬ್ಬಾ’ ಎಂಬದು ಕೇವಲ ಕೂಸಿನ ತೊದಲೆಂದು ಬೋಧಿಸುವದೂ ಸರಿಯಲ್ಲ. ಬೆಳೆದ ಮಕ್ಕಳೂ ತಂದೆಯನ್ನು ಹಾಗೆಯೇ ಕರೆಯುತ್ತಿದ್ದರೆಂದು ಜೇಮ್ಸ್ ಬಾರ್ ಎಂಬ ಪಂಡಿತರು 1988ರಲ್ಲಿ ತೋರಿಸಿದ್ದಾರೆ. ಗೆತ್ಸೇಮನೆಯಲ್ಲಿ ಅದನ್ನು ನುಡಿದಾತನು ಕೂಸಲ್ಲ. ಮರಣವನ್ನು ಎದುರಿಗೆ ಕಂಡು ತಂದೆಯ ಚಿತ್ತಕ್ಕೆ ಒಪ್ಪಿಸಿಕೊಂಡ ಮಗನು. ಆ ಮಾತಿನ ಬಲವು ಅದರ ಧ್ವನಿಯಲ್ಲಿಲ್ಲ, ಆ ಒಪ್ಪಿಸುವಿಕೆಯಲ್ಲಿದೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಭಾಷೆಗಳ ಸಂಬಂಧವನ್ನು ಯಾವದರಿಂದ ತಿಳಿಯಬೇಕು?
2. ‘ಅಪ್ಪೆ’, ‘ಅಬ್ಬೆ’ ಎಂಬ ಮಾತುಗಳು ನಮಗೆ ಏನನ್ನು ಕಲಿಸುತ್ತವೆ?
3. ನಿಮ್ಮ ಊರಿನ ಬೇರೆ ಬೇರೆ ಮನೆಗಳಲ್ಲಿ ತಂದೆತಾಯಿಗಳನ್ನು ಏನೆಂದು ಕರೆಯುತ್ತಾರೆ?